ನೀರು ಕುಡಿಯದ ಸುದ್ದಿ

ನನ್ನ ಮೇಜಿನ ಮೇಲೆ ಪ್ರತಿಯೊಂದು ವಸ್ತುವಿಗೂ ಅದರದೇ ಜಾಗವಿದೆ. ಎಡಕ್ಕೆ ಕನ್ನಡಕ, ಅದರ ಬಾಜೂಕ್ಕೆ ಕೈಗಡಿಯಾರ, ಆಮೇಲೆ ಉಗುರು ಕತ್ತರಿ, ಬಲತುದಿಗೆ ನನ್ನ ಹಳೆಯ ಸೀಟಿ. ಮೂಡಲಗಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ನಿವೃತ್ತನಾದ ಮೇಲೆ ಸಾಲಾಗಿ ನಿಲ್ಲಿಸಲು ಮಕ್ಕಳಿಲ್ಲ. ಆದ್ದರಿಂದ ವಸ್ತುಗಳನ್ನು ನಿಲ್ಲಿಸುತ್ತೇನೆ. ಅವು ಮಕ್ಕಳಿಗಿಂತ ಚೆನ್ನಾಗಿ ಮಾತು ಕೇಳುತ್ತವೆ.

ಈಚೆಗೆ ಈ ಸಾಲಿಗೆ ಒಂದು ಹಿತ್ತಾಳೆ ತಂಬಿಗೆ ಬಂದು ಸೇರಿದೆ. ಹೊಟ್ಟೆಯ ಒಂದು ಬದಿ ತಗ್ಗು ಬಿದ್ದ, ನೆಟ್ಟಗೆ ನಿಲ್ಲಲು ಒಪ್ಪದ ತಂಬಿಗೆ. ಎಲ್ಲಿಟ್ಟರೂ ಸಾಲು ಕೆಡುತ್ತದೆ. ಸೊಸೆ ಎರಡು ಸಲ ಕೇಳಿದಳು, “ಮಾವಾರ, ಇದನ್ನ ಅಡಗಿಮನ್ಯಾಗ ಇಡಲೇನ್ರಿ?” ಬೇಡವೆಂದೆ. ಅದನ್ನು ಕೊಟ್ಟವಳು ದಡ್ಡಿಯಲ್ಲಿರುವ ನನ್ನ ಅಕ್ಕ ಗಂಗವ್ವ. ಯಾಕೆ ಕೊಟ್ಟಳೆಂದು ಹೇಳಬೇಕಾದರೆ ನಾನು ಸತ್ತ ದಿನದ ಬಗ್ಗೆ ಹೇಳಬೇಕಾಗುತ್ತದೆ. ಅದಕ್ಕೂ ಮೊದಲು ನೀರಿನ ಬಗ್ಗೆ, ಕಾಗೆಯ ಬಗ್ಗೆ. ಸ್ವಲ್ಪ ಸಾವಕಾಶವಾಗಿ ಕೂತುಕೊಳ್ಳಿ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು. ಚಹಾ ಆಮೇಲೆ, ಮಾತು ಅದಕ್ಕೂ ಆಮೇಲೆ. ಬೀಗರು ಬರಲಿ, ಜಗಳ ತೆಗೆಯಲು ಪಕ್ಕದ ಹೊಲದವನು ಬರಲಿ, ತಂಬಿಗೆ ಮುಂದೆ ಬರಲೇಬೇಕು. ನೀರು ಕುಡಿದು ಜಗಳ ಶುರುಮಾಡಿದವನ ದನಿ ಅರ್ಧ ಇಳಿದಿರುತ್ತದೆಂದು ನಮ್ಮ ಅವ್ವ ಹೇಳುತ್ತಿದ್ದಳು. ಇದಕ್ಕೆ ಒಬ್ಬನು ಮಾತ್ರ ಹೊರತು: ಸಾವಿನ ಸುದ್ದಿ ತಂದವನು. ಅವನು ಹೊಸ್ತಿಲು ದಾಟುವುದಿಲ್ಲ, ಕೂಡುವುದಿಲ್ಲ, ನೀರು ಮುಟ್ಟುವುದಿಲ್ಲ. ನಮ್ಮ ಮನೆತನದಲ್ಲಿ ಇದು ಎಷ್ಟು ಗಟ್ಟಿಯಾದ ರೂಢಿಯೆಂದರೆ, ಬಾಗಿಲಲ್ಲಿ ನಿಂತವನು “ನೀರ ಬ್ಯಾಡ್ರಿ” ಎಂದರೆ ಸಾಕು, ಯಾರು, ಎಲ್ಲಿ ಎಂದು ಕೇಳುವ ಮೊದಲೇ ಒಳಗಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಸುದ್ದಿ ತಂದವನು ಹತ್ತು ಮೈಲಿ ನಡೆದು ಬಂದಿರಲಿ, ನಾಲಿಗೆ ಒಣಗಿರಲಿ, ಕುಡಿಯುವಂತಿರಲಿಲ್ಲ. ಖರೆ ಸುದ್ದಿಯ ಭಾರವನ್ನು ಅವನೂ ಸ್ವಲ್ಪ ಹೊರಬೇಕು ಎಂಬುದು ಅದರ ಅರ್ಥವಿದ್ದೀತು. ಯಾರೂ ಹೀಗೆಂದು ವಿವರಿಸಿ ಹೇಳಿದವರಿಲ್ಲ.

ಇನ್ನು ಕಾಗೆ.

ನಾನು ಹುಟ್ಟಿದ್ದು ಮಸಗುಪ್ಪಿಯಲ್ಲಿ. ಕನ್ನಡ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಒಮ್ಮೆ ಬೆಲ್ಲ ಸವರಿದ ರೊಟ್ಟಿಯನ್ನು ಸುರುಳಿ ಮಾಡಿ ಹಿಡಿದು ಅಂಗಳದಲ್ಲಿ ನಿಂತು ತಿನ್ನುತ್ತಿದ್ದೆ. ನಿಂತು ತಿನ್ನಬಾರದು, ಕೂತು ತಿನ್ನಬೇಕು ಎಂದು ಮುಂದೆ ಸಾವಿರಾರು ಮಕ್ಕಳಿಗೆ ಹೇಳಿದವನು ನಾನೇ. ಅದರ ಮೂಲ ಇಲ್ಲಿದೆ. ಕಾಗೆಯೊಂದು ರೊಟ್ಟಿಗೆಂದು ಎರಗಿ, ಗುರಿ ತಪ್ಪಿ ನನ್ನ ತಲೆಯ ಮೇಲೆ ಕೂತು ಹಾರಿತು. ನನಗೆ ಚಿಂತೆಯಾದದ್ದು ಕೆಳಗೆ ಬಿದ್ದ ರೊಟ್ಟಿಯದು. ಅವ್ವನ ಮುಖ ಮಾತ್ರ ಬಿಳಿಚಿಕೊಂಡಿತು. ಕಾಗೆ ತಲೆಗೆ ಬಡಿದರೆ ಆಯುಷ್ಯ ಮುಗಿಯಿತೆಂದು ಲೆಕ್ಕ. ಶರಣರ ಹಾದಿಯವರೆಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲಿ ಶಕುನ, ಸೂತಕಗಳಿಗೆ ಜಾಗ ಇರಬಾರದು. ಇರಬಾರದೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಇವೆ.

ಕಾಗೆಯ ದೋಷಕ್ಕೆ ಪರಿಹಾರವೊಂದಿತ್ತು. ಆ ಹುಡುಗ ಸತ್ತನೆಂದು ಹತ್ತಿರದ ರಕ್ತಸಂಬಂಧಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅತ್ತರೆ ಸಾವು ತನ್ನ ಕೆಲಸ ಮುಗಿಯಿತೆಂದು ತಿಳಿದು ಹಿಂದಿರುಗುತ್ತದೆ. ಸುಳ್ಳಿಗೂ ಕಟ್ಟುನಿಟ್ಟಿನ ಕ್ರಮ ಇತ್ತೆಂಬುದು ನನಗೆ ಈಗಲೂ ಹಿಡಿಸುವ ಸಂಗತಿ. ಸುಳ್ಳನ್ನು ಒಯ್ದವನೇ ಖರೆಯನ್ನೂ ಹೇಳಬೇಕು. ಇನ್ನೊಬ್ಬನ ಕೈಯಲ್ಲಿ ಕಳಿಸುವಂತಿಲ್ಲ. ಕಣ್ಣೀರು ಬೀಳುವ ಮೊದಲು ಹೇಳಬಾರದು, ಹೊತ್ತು ಮುಳುಗುವತನಕ ಮುಚ್ಚಿಡಲೂ ಬಾರದು. ಹೇಳಿದ ಮೇಲೆ ಅತ್ತವರ ಬಾಯಿಗೆ ಸಕ್ಕರೆ ಹಾಕಿ ಬರಬೇಕು.

ಗಂಗವ್ವ ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಹೊಸದಾಗಿ ಮದುವೆಯಾಗಿ ದಡ್ಡಿಗೆ ಹೋಗಿದ್ದಳು. ಸುದ್ದಿ ಒಯ್ಯಲು ಅವ್ವ ಕರೆಸಿದ್ದು ಬಾಜೂ ಮನೆಯ ಹಸನಸಾಬ ಕಾಕಾನನ್ನು. ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು, ಮೈಮೇಲೆ ಯಾವಾಗಲೂ ಹತ್ತಿಯ ಎಳೆ. ಅವನು ಒಪ್ಪಲಿಲ್ಲ.

“ಅವ್ವಾ, ಇದು ನನ್ನ ಬಾಯಾಗ ಬರೂದಿಲ್ಲ. ಹುಡುಗ ಇಲ್ಲೇ ನನ್ನ ಮುಂದ ರೊಟ್ಟಿ ತಿನ್ನಾಕತ್ತಾನ.”

“ಅದಕ್ಕ ನಿನ್ನ ಕಳಸೂದು. ಸುಳ್ಳ ಹೇಳಿ ರೂಢಿ ಇದ್ದಾವನ್ನ ಕಳಿಸಿದ್ರ ಗಂಗಾ ನಂಬ್ತಾಳೇನು? ಹೋಗು. ನೀರ ಮಾತ್ರ ಕುಡೀಬ್ಯಾಡ. ಕುಡದ್ರ ಕೆಲಸ ಕೆಟ್ಟಂಗ.”

ಅವನು ಬಸ್ಸು ಹಿಡಿದು, ಅದು ಬಿಟ್ಟಲ್ಲಿಂದ ಬಿಸಿಲಲ್ಲಿ ನಡೆದು ದಡ್ಡಿ ಮುಟ್ಟಿದ. ಮರುದಿನ ಬಂದು ಹೇಳಿದ ಪ್ರಕಾರ, ಬಾಗಿಲಲ್ಲಿ ನಿಂತು ಸುದ್ದಿ ಹೇಳಿದನಂತೆ, ಅಕ್ಕ ಕಂಬ ಹಿಡಿದು ಕುಸಿದಳಂತೆ, ಅವಳು ಅತ್ತದ್ದು ನೋಡಲಾರದೆ ಇವನೂ ಅತ್ತನಂತೆ. ಆಮೇಲೆ ಸಕ್ಕರೆ ಕೊಟ್ಟು ಖರೆ ಹೇಳಿದ. “ಅವ್ವಾ, ಇನ್ನ ಕಾಗಿ ಅಲ್ಲ, ಹದ್ದ ಬಡದ್ರೂ ನನ್ನ ಕರೀಬ್ಯಾಡ” ಎಂದು ಕೈಮುಗಿದ. ಅಕ್ಕ ಮೋಸಹೋಗಿ ಅತ್ತದ್ದು ನಮ್ಮ ಮನೆಯಲ್ಲಿ ನಗೆಯ ಕತೆಯಾಗಿ ಉಳಿಯಿತು. ಅವಳು ತವರಿಗೆ ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿ ಬಿದ್ದು ಸತ್ತವನಂತೆ ಮಾಡಿ ಕಾಡಿಸುತ್ತಿದ್ದೆ. ಅವಳು ನಕ್ಕದ್ದು ನೆನಪಿಲ್ಲ, ಬೈದದ್ದೂ ನೆನಪಿಲ್ಲ. ಕಾಲಿನಿಂದ ಮೆಲ್ಲಗೆ ತಿವಿದು, “ಏಳೋ ಈರ್ಯಾ, ಅಂಗಿ ಹೊಲಸಾಕ್ಕೈತಿ” ಎನ್ನುತ್ತಿದ್ದಳು.

ಸುಳ್ಳು ಸುದ್ದಿಗೆ ಜನ ಹೇಗೆ ನಡೆದುಕೊಳ್ಳುತ್ತಾರೆಂದು ನಾನು ಹತ್ತಿರದಿಂದ ನೋಡಿದ್ದು ಮುಂದೆ ಎಷ್ಟೋ ವರ್ಷಗಳ ಮೇಲೆ, ಗೋಕಾಕದಲ್ಲಿ. ಘಟಪ್ರಭೆ ತುಂಬಿ ಹರಿಯುತ್ತಿದ್ದ ಒಂದು ಮಳೆಗಾಲ. ಗೆಳೆಯನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮೇಲಿನ ಡ್ಯಾಮು ಒಡೆಯಿತೆಂದು ಓಣಿಯಲ್ಲಿ ಕೂಗು ಎದ್ದಿತು. ಒಬ್ಬನು ಹೊಲಿಗೆ ಯಂತ್ರ ಹೊತ್ತ, ಒಬ್ಬಳು ಒಲೆಯ ಮೇಲಿನ ಅನ್ನದ ಬೋಗುಣಿ ಎತ್ತಿಕೊಂಡಳು, ಎಲ್ಲರೂ ಗುಡ್ಡದ ಕಡೆ ಓಡಿದರು. ನಾನು ಕಿಸೆಯಿಂದ ಸೀಟಿ ತೆಗೆದು ಊದಿ, ಗದ್ದಲ ಮಾಡದೆ ಸಾಲಾಗಿ ಹೋಗಿರೆಂದು ಹೇಳಿ ನೋಡಿದೆ. ಸ್ವಲ್ಪ ಹೊತ್ತಿನಲ್ಲಿ ಓಣಿಯಲ್ಲಿ ನಾನೊಬ್ಬನೇ ಉಳಿದಿದ್ದೆ. ಸೀಟಿ ಬಾಯಲ್ಲೇ ಇಟ್ಟುಕೊಂಡು ನಾನೂ ಓಡಿದೆ. ಡ್ಯಾಮು ಎಲ್ಲಿತ್ತೋ ಅಲ್ಲೇ ಇತ್ತು. ಸಂಜೆ ಇಳಿದು ಬರುವಾಗ ನಾನು ಈ ಸುದ್ದಿ ಹಬ್ಬಿಸಿದವನು ಯಾರೆಂದು ಹುಡುಕಬೇಕೆಂದೆ. ಯಾರಿಗೂ ಅದರಲ್ಲಿ ಆಸಕ್ತಿ ಇರಲಿಲ್ಲ.

“ಇರಲಿ ಬಿಡ್ರಿ ಮಾಸ್ತರ,” ಎಂದ ಹೊಲಿಗೆ ಯಂತ್ರದವನು. “ಸುಳ್ಳಾತು, ಚಲೋ ಆತು. ಖರೆ ಇದ್ದಿದ್ರ?”

ಸುಳ್ಳು ಇಷ್ಟು ಸಲೀಸಾಗಿ ಓಡಾಡುವುದು ಈ “ಖರೆ ಇದ್ದಿದ್ರ” ಎನ್ನುವ ಮಾತಿನ ಹೆಗಲ ಮೇಲೆ ಕೂತು. ಮೂರ್ಖರು ಮಾತ್ರ ಸುಳ್ಳು ನಂಬುತ್ತಾರೆಂದು ತಿಳಿದವರಿಗೆ ಹೊಳೆಯ ದಂಡೆಯಲ್ಲಿ ಮನೆ ಇರುವುದಿಲ್ಲ.

ಈಗ ನಾನು ಸತ್ತ ದಿನಕ್ಕೆ ಬರುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಒಂದು ಗ್ರೂಪು ಮಾಡಿಕೊಂಡು ನನ್ನನ್ನೂ ಸೇರಿಸಿದ್ದಾರೆ. ಬೆಳಗಾದರೆ ಅದರಲ್ಲಿ ಗುಲಾಬಿ ಅರಳುತ್ತದೆ, ಮಧ್ಯಾಹ್ನ ಹಾಗಲಕಾಯಿ ರಸದಿಂದ ಸಕ್ಕರೆ ರೋಗ ಓಡಿಹೋಗುತ್ತದೆ, ಸಂಜೆಗೆ ಯಾವುದೋ ಊರಿನಲ್ಲಿ ಮಕ್ಕಳ ಕಳ್ಳರು ಬಂದಿರುತ್ತಾರೆ. ಆ ಮಕ್ಕಳ ಕಳ್ಳರ ಸುದ್ದಿ ಬಂದಾಗ, ಇದು ಖರೆಯೇ, ಯಾರು ನೋಡಿದರು ಎಂದು ಬರೆದೆ. “ಗೊತ್ತಿಲ್ರಿ ಸರ್, ನನಗ ಬಂದಿದ್ದನ್ನ ಕಳಿಸೀನ್ರಿ” ಎಂದು ಒಬ್ಬನ ಉತ್ತರ. “ಕಳಿಸಿದ್ರ ಗಂಟೇನ್ ಹೋಗ್ತೈತ್ರಿ?” ಎಂದು ಇನ್ನೊಬ್ಬ. ಸಂಕ್ರಾಂತಿಯ ಎಳ್ಳುಬೆಲ್ಲದಂತೆ ಹಂಚುತ್ತಾರೆ. ಬಂದದ್ದನ್ನು ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ನಾನು ಆ ಗ್ರೂಪನ್ನು ದಿನಕ್ಕೆ ಒಂದೇ ಸಲ, ಊಟದ ನಂತರ ನೋಡುತ್ತೇನೆ. ಮಾತ್ರೆ ತೆಗೆದುಕೊಳ್ಳುವ ಹೊತ್ತು ಅದು.

ನನ್ನ ಹುಟ್ಟಿದ ದಿನ ಜೂನ್ ಒಂದು. ನನ್ನ ವಾರಿಗೆಯವರೆಲ್ಲರದೂ ಅದೇ. ನಮ್ಮನ್ನು ಶಾಲೆಗೆ ಹಚ್ಚಿದಾಗ ಯಾವ ಮನೆಯಲ್ಲೂ ತಾರೀಖು ಗೊತ್ತಿರಲಿಲ್ಲ. ಮಾಸ್ತರರು ಎಲ್ಲರಿಗೂ ಒಂದೇ ತಾರೀಖು ಬರೆದುಬಿಟ್ಟರು. ಆ ಸುಳ್ಳಿನ ಮೇಲೆ ನೌಕರಿ ಮಾಡಿದೆವು, ಪಗಾರ ತೆಗೆದುಕೊಂಡೆವು, ಈಗ ಪಿಂಚಣಿಯೂ ಅದರ ಮೇಲೆಯೇ ಬರುತ್ತದೆ. ಸುಳ್ಳಿನ ವಿರುದ್ಧ ಮಾತನಾಡುವಾಗ ಇದನ್ನು ಮರೆಯಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಈ ವರ್ಷ ಜೂನ್ ಒಂದರಂದೇ ದಡ್ಡಿಯಲ್ಲಿ ಅಕ್ಕನ ಮೊಮ್ಮಗಳು ಕಾವೇರಿಯ ನಿಶ್ಚಯವಿತ್ತು. ಅಂಕಲಗಿಯ ಗಂಡು. ಹುಡುಗಿಗೆ ಹಿಂದೊಮ್ಮೆ ಒಂದು ಸಂಬಂಧ ಕೂಡಿಬಂದು, ಗಂಡಿನ ಮನೆಯಲ್ಲಿ ಯಾರೋ ತೀರಿಕೊಂಡು ನಿಶ್ಚಯ ಮುಂದೆ ಹೋಗಿ, ಮುಂದೆ ಹೋದದ್ದು ತಿರುಗಿ ಬರಲೇ ಇಲ್ಲ. ಆಮೇಲೆ ಊರಲ್ಲಿ ಹುಡುಗಿಯ ಕಾಲ್ಗುಣದ ಬಗ್ಗೆ ಮಾತು ಶುರುವಾಗಿತ್ತು. ಆದ್ದರಿಂದ ಈ ಸಲ ಏನೇ ಆದರೂ ನಿಂತು ಮುಗಿಸಬೇಕೆಂದು ಅಕ್ಕನ ಹಟ.

ನನ್ನ ಮಗ, ಸೊಸೆ ಹಿಂದಿನ ದಿನವೇ ಕಾರಿನಲ್ಲಿ ಹೋದರು. ನಾನು ಹೋಗಲಿಲ್ಲ. ಬೆಳಿಗ್ಗೆ ನನ್ನ ಕೈಕೆಳಗೆ ಕೆಲವು ಮುದುಕರು ವ್ಯಾಯಾಮ ಮಾಡುತ್ತಾರೆ. ಒಂದು ದಿನ ಬಿಟ್ಟರೆ ಅವರು ಒಂದು ವಾರ ಬಿಡುತ್ತಾರೆ. ಅದನ್ನು ಮುಗಿಸಿ, ಸ್ನಾನ ಮಾಡಿ, ಮನೆಗೆ ಕೀಲಿ ಹಾಕಿ, ಗೋಕಾಕದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಫೋನು ಬಂದ್ ಮಾಡಿಡುವುದು ನನ್ನ ನಿಯಮ. ಎಲ್ಲರೂ ಕೂಗಾಡುವಲ್ಲಿ ನಾವೂ ಕೂಗಬಾರದು. ಗೋಕಾಕದಲ್ಲಿ ಇಳಿದು ಕರದಂಟಿನ ಡಬ್ಬಿ ಕೊಂಡು ಹುಕ್ಕೇರಿಯ ಬಸ್ಸು ಹಿಡಿದೆ.

ಅದೇ ಹೊತ್ತಿಗೆ ಗೋಕಾಕದಲ್ಲೇ, ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ವಿದ್ಯಾರ್ಥಿ ಬಸು, ಗುರುಗಳ ಹುಟ್ಟಿದ ದಿನವೆಂದು ಗ್ರೂಪಿನಲ್ಲಿ ನನ್ನ ಫೋಟೋ ಹಾಕಿದ. ನಿವೃತ್ತಿಯ ದಿನ ಸನ್ಮಾನ ಮಾಡಿದಾಗ ತೆಗೆದದ್ದು. ಕೊರಳಲ್ಲಿ ದಪ್ಪ ಹಾರ, ಹೆಗಲ ಮೇಲೆ ಶಾಲು. ಕ್ಯಾಮರಾದ ಹೊಳಪಿಗೆ ನನ್ನ ಕಣ್ಣು ಮುಚ್ಚಿದ್ದವು. ಕೆಳಗೆ “ಪೂಜ್ಯ ಗುರುಗಳಿಗೆ ಭಕ್ತಿಪೂರ್ವಕ ನಮನಗಳು” ಎಂದು ಬರೆದ. ಹುಟ್ಟಿದ ದಿನವೆಂದು ಬರೆಯುವುದನ್ನು ಬಿಟ್ಟ, ಎಲ್ಲರಿಗೂ ಗೊತ್ತಿದೆಯಲ್ಲ ಎಂದು. ಮೊದಲು ನೋಡಿದವನು ಹಾರ ಕಂಡ, ಮುಚ್ಚಿದ ಕಣ್ಣು ಕಂಡ, “ಓಂ ಶಾಂತಿ” ಎಂದು ಒತ್ತಿದ. ಎರಡನೆಯವನು ಮೊದಲನೆಯವನನ್ನು ನೋಡಿ ಒತ್ತಿದ.

ಆಮೇಲಿನದನ್ನು ನಾನು ಬೇರೆ ಯಾರ ಮೇಲೂ ಹೊರಿಸುವಂತಿಲ್ಲ. ಎಡಬಲ ನೋಡಬೇಡ, ಮುಂದಿನವನ ಬೆನ್ನು ನೋಡಿ ಹೆಜ್ಜೆ ಹಾಕು ಎಂದು ಅವರಿಗೆ ಕಲಿಸಿದವನು ನಾನೇ. ಅಷ್ಟು ಸುಂದರವಾದ ಸಾಲು ಅವರು ಮೈದಾನದಲ್ಲಿ ಎಂದೂ ನಿಂತಿರಲಿಲ್ಲ. ಒಬ್ಬನು ಕಾರಣ ಸೇರಿಸಿದ: ಸೂರ್ಯನಮಸ್ಕಾರ ಮಾಡುವಾಗ ಎದೆನೋವು. ಇನ್ನೊಬ್ಬ ಲಿಂಗೈಕ್ಯರಾದರೆಂದು ಗೌರವದಿಂದ ತಿದ್ದಿದ. ಮತ್ತೊಬ್ಬ ಅಂತ್ಯಕ್ರಿಯೆ ಸಂಜೆ ನಾಲ್ಕಕ್ಕೆ, ಮಸಗುಪ್ಪಿಯ ತೋಟದಲ್ಲಿ ಎಂದು ಗೊತ್ತುಮಾಡಿದ. ಹೊತ್ತು, ಜಾಗ ಎರಡನ್ನೂ ಸ್ಪಷ್ಟವಾಗಿ ತಿಳಿಸಿದ ಅವನ ಬಗ್ಗೆ ನನಗೆ ಈಗಲೂ ಅಭಿಮಾನವಿದೆ.

ಖಾತ್ರಿ ಮಾಡಿಕೊಳ್ಳಲು ನೋಡಿದವರು ಇರಲಿಲ್ಲವೆಂದಲ್ಲ. ನನಗೆ ಫೋನು ಹಚ್ಚಿದರು, ಬಂದ್ ಇತ್ತು. ಎಂದೂ ತಪ್ಪದೆ ಎತ್ತುವ ಮಾಸ್ತರರ ಫೋನು ಬಂದ್ ಇದೆಯೆಂದರೆ ಖರೆಯೇ ಇರಬೇಕು. ಬಾಜೂ ಮನೆಯವರನ್ನು ಕೇಳಿದರು. ಮನೆಗೆ ಕೀಲಿ ಹಾಕಿದೆ ಎಂದರು. ದವಾಖಾನೆಗೆ ಒಯ್ದಿರಬೇಕು. ನನ್ನ ಶಿಸ್ತಿನ ಒಂದೊಂದು ನಿಯಮವೂ ನನ್ನ ಸಾವಿಗೆ ಒಂದೊಂದು ಸಾಕ್ಷಿ ಹೇಳಿತು.

ದಡ್ಡಿಯಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಅಕ್ಕನ ಮಗ ಮಲ್ಲೇಶಿ ಹೇಳಿದ್ದು. ಅವನು ಹೇಳಿದ್ದರಲ್ಲಿ ಕಾಲುಭಾಗ ಕಳೆದು ಕೇಳಬೇಕು. ಕಳೆದೇ ಬರೆಯುತ್ತಿದ್ದೇನೆ.

ಅಂಕಲಗಿಯವರು ಬಂದು ಚಪ್ಪರದಲ್ಲಿ ಕೂತಿದ್ದರು. ಸಕ್ಕರೆ ತಟ್ಟೆಗಳು ಸಾಲಾಗಿದ್ದವು. ಅಷ್ಟರಲ್ಲಿ ಒಂದು ಫೋನು ಗುಂಯ್‌ಗುಟ್ಟಿತು, ಆಮೇಲೆ ಎರಡು, ಆಮೇಲೆ ಎಲ್ಲವೂ. ನನ್ನ ಮಗ ನೋಡಿದ, ನನಗೆ ಫೋನು ಹಚ್ಚಿದ, ಮತ್ತೆ ಹಚ್ಚಿದ, ಯಾರಿಗೂ ಹೇಳದೆ ಕಾರು ತೆಗೆದುಕೊಂಡು ಹೊರಟುಬಿಟ್ಟ. ಹುಕ್ಕೇರಿಯ ಹತ್ತಿರ ನಮ್ಮ ಬಸ್ಸಿನ ಎದುರಿನಿಂದ ಅಂಥದೇ ಒಂದು ಕಾರು ಧೂಳೆಬ್ಬಿಸಿ ಹೋದದ್ದು ನಾನು ಕಿಟಕಿಯಿಂದ ಕಂಡೆ. ಇಷ್ಟು ಜೋರಾಗಿ ಓಡಿಸುವವನಿಗೆ ಯಾರೂ ಹೇಳುವವರಿಲ್ಲವೇ ಎಂದುಕೊಂಡೆ.

ಗಂಡಿನ ದೊಡ್ಡಪ್ಪ ಶಿವಲಿಂಗಪ್ಪ, ಬೆಲ್ಲದ ವ್ಯಾಪಾರಿ, ತೂಕದ ಮನುಷ್ಯ. ಅವನು ಎದ್ದು ನಿಂತ.

“ತಾಯಾರ, ತಪ್ಪ ತಿಳೀಬ್ಯಾಡ್ರಿ. ಸಾವಾದ ಮನ್ಯಾಗ ಸಕ್ಕರಿ ಹಂಚೂದು ಚಲೋ ಅಲ್ಲ. ಮುಂದಕ ಹಾಕೂನ್ರಿ.”

ಅಕ್ಕ ಕೂತಲ್ಲಿಂದ ಏಳಲಿಲ್ಲವಂತೆ. “ಯಾರ ಸಾವು, ಯಜಮಾನ್ರ?”

“ನಿಮ್ಮ ತಮ್ಮಂದ್ರಿ. ಈರಣ್ಣ ಮಾಸ್ತರದು.”

“ಸುದ್ದಿ ಯಾರ ತಂದ್ರು?”

“ಫೋನಿನ್ಯಾಗ ಬಂದೈತ್ರಿ. ಎಲ್ಲಾರಿಗೂ ಬಂದೈತಿ.”

“ಎಲ್ಲಾರಿಗೂ ಬಂದೈತಿ, ಖರೆ. ತಂದಾವ ಯಾರು? ಬಾಗಲಾಗ ಬಂದ ನಿಂತಾನೇನು? ನೀರ ಕೊಟ್ರ ಬ್ಯಾಡ ಅಂದಾನೇನು?”

ಅಕ್ಕ ಒಳಗಿನಿಂದ ತಂಬಿಗೆ ತುಂಬಿ ತರಿಸಿ, ತಟ್ಟೆಯಲ್ಲಿ ಬೆಲ್ಲ ಇಟ್ಟು, ಚಪ್ಪರದ ನಡುವೆ ಇಡಿಸಿದಳು. “ಸುದ್ದಿ ತಂದಾವ್ರು ಮುಂದ ಬರ್ರಿ. ನೀರ ಕೊಡತೇನಿ. ಬ್ಯಾಡ ಅನ್ರಿ, ನಂಬತೇನಿ. ಇಲ್ಲೇ ಎದಿ ಬಡಕೊಂಡ ಅಳತೇನಿ.”

“ನನಗ ನಮ್ಮ ಷಡ್ಕ ಕಳಿಸ್ಯಾನ್ರಿ” ಎಂದ ಒಬ್ಬ. “ನಂಗ ಗ್ರೂಪಿನ್ಯಾಗ ಬಂತ್ರಿ” ಎಂದ ಇನ್ನೊಬ್ಬ. ಸುದ್ದಿ ಎಲ್ಲರ ಕೈಯಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಬಿಸಿಲಿಗೆ ಎಲ್ಲರಿಗೂ ನೀರಡಿಕೆಯಾಗಿತ್ತು; ಆದರೂ ತಂಬಿಗೆ ಮುಟ್ಟುವ ಧೈರ್ಯ ಯಾರೂ ಮಾಡಲಿಲ್ಲ.

“ಅವರ ಮಗನ ಓಡಿ ಹೋದ್ನಲ್ರಿ ತಾಯಾರ” ಎಂದ ಶಿವಲಿಂಗಪ್ಪ.

“ನೋಡಾಕ ಹೋಗ್ಯಾನ. ನೋಡಿ ಬರಲಿ. ಬಂದು ನೀರ ಬ್ಯಾಡ ಅನ್ಲಿ. ಅಲ್ಲೀತನಕ ನನ್ನ ತಮ್ಮ ಬಸ್ಸಿನ್ಯಾಗ ಅದಾನ. ಅಂವ ಫೋನ ಬಂದ್ ಮಾಡಿ ಕುಂದರಾಂವ, ನನಗ ಗೊತ್ತೈತಿ. ನೀವು ಎದ್ದ ಹೋದ್ರ ನನ್ನ ಮೊಮ್ಮಗಳಿಗೆ ಮತ್ತ ಯಾರ ಬರೂದಿಲ್ಲ. ಒಂದ ಬಸ್ಸು ಬರೂತನಕ ಕುಂದರ್ರಿ.”

ಒಳಗೆ ಕಾವೇರಿ ಹೂ ಮುಡಿದು, ಹಸಿರು ಸೀರೆ ಉಟ್ಟು, ಗೋಡೆಗೆ ಒರಗಿ ಎಲ್ಲವನ್ನೂ ಕೇಳುತ್ತಿದ್ದಳು. ಸೊಸೆ ಹೇಳಿದ್ದು: ಆ ಹುಡುಗಿ ಹೂವನ್ನು ಒಂದೊಂದೇ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳಂತೆ. ಶಿವಲಿಂಗಪ್ಪ ಕೂತ, ಆದರೆ ಚಪ್ಪಲಿ ಹತ್ತಿರಕ್ಕೆ ಎಳೆದುಕೊಂಡು ಕೂತ.

ನಾನು ಬಂದಾಗ ಚಪ್ಪರ ಸದ್ದಿಲ್ಲದೆ ಇತ್ತು. ನಿಶ್ಚಯದ ಮನೆ ಇಷ್ಟು ಶಿಸ್ತಿನಲ್ಲಿರುವುದು ನೋಡಿ ಸಂತೋಷವಾಯಿತು. ಬಾಗಿಲ ಮುಂದೆ ಮಾತ್ರ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಡಬ್ಬಿ ಕೆಳಗಿಟ್ಟು, ಬಗ್ಗಿ, ಜೋಡಿ ಜೋಡಿಯಾಗಿ ಹಚ್ಚತೊಡಗಿದೆ. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ತಲೆ ಎತ್ತಿದರೆ ಚಪ್ಪರವೆಲ್ಲ ನನ್ನನ್ನೇ ನೋಡುತ್ತಿದೆ.

“ಅಲ್ಲೇ ನಿಂದ್ರು,” ಎಂದಳು ಅಕ್ಕ. “ಒಳಗ ಬರಬ್ಯಾಡ.”

ತಂಬಿಗೆ ಎತ್ತಿಕೊಂಡು, ಕೋಲಿಲ್ಲದೆ ನಡೆಯಲಾಗದವಳು ಒಬ್ಬಳೇ ನಡೆದು ಹೊಸ್ತಿಲಿಗೆ ಬಂದಳು. ನೀರು ತುಳುಕಿ ಅವಳ ಕಾಲ ಮೇಲೆ ಬೀಳುತ್ತಿತ್ತು.

“ಕುಡಿ.”

“ಕೈಕಾಲ ತೊಳಕೊಂಡು…”

“ಮೊದಲ ಕುಡಿ, ಈರ್ಯಾ.”

ಅವಳ ದನಿ ಕೇಳಿ, ಯಾಕೆಂದು ಕೇಳದೆ ಕುಡಿದೆ. ಕೆಳಗಿಳಿಸದೆ ತಂಬಿಗೆ ಖಾಲಿ ಮಾಡಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ತಿರುಗಿದಳು. “ನೋಡಿದ್ರೇನ್ರಿ ಯಜಮಾನ್ರ?”

ಹಿಂದಿನಿಂದ ಯಾರೋ, “ಸತ್ತಾಂವನ ಬಂದ ನೀರ ಕುಡದ ಮ್ಯಾಲ ಇನ್ನ ಯಾವ ಸಾಕ್ಷಿ ಬೇಕ್ರಿ?” ಎಂದರು. ನಗು ಎದ್ದಿತು. ನನಗೆ ಸಂಗತಿ ತಿಳಿದದ್ದು ಎಲ್ಲರಿಗಿಂತ ಕೊನೆಗೆ.

ಶಿವಲಿಂಗಪ್ಪ ಮಾತ್ರ ನಗಲಿಲ್ಲ. “ಮಾಸ್ತರು ಅದಾರ, ಸಂತೋಷ. ಆದ್ರೂ ತಾಯಾರ, ಶುಭಕಾರ್ಯದಾಗ ಇಂಥಾ ಮಾತು ಬಂತಲ್ರಿ…”

“ಕಾಗಿ ಬಡದ ಸುದ್ದಿರೀ ಇದು. ಸಣ್ಣಾಂವ ಇದ್ದಾಗ ಒಮ್ಮೆ ಹಿಂಗ ಸತ್ತಿದ್ದ. ಅದಾದ ಮ್ಯಾಲ ಇಷ್ಟ ವರ್ಷ ಬಾಳ್ಯಾನ. ಶುಭ ಅಲ್ಲೇನಿದು?”

ಬೆಲ್ಲದ ವ್ಯಾಪಾರಿ ತಟ್ಟೆಯ ಕಡೆ ನೋಡಿದ, ನನ್ನ ಕಡೆ ನೋಡಿದ, ಒಂದು ತುಣುಕು ಬೆಲ್ಲ ಎತ್ತಿ ಬಾಯಿಗೆ ಹಾಕಿಕೊಂಡ. “ಬೆಲ್ಲ ಚಲೋ ಐತ್ರಿ” ಎಂದ. ನಿಶ್ಚಯ ನಡೆಯಿತು. ಕಾವೇರಿ ಅರ್ಧ ಹೂವಿನಲ್ಲೇ ಹೊರಗೆ ಬಂದು ಕೂತಳು.

ಊಟವಾದ ಮೇಲೆ ಫೋನು ಹಚ್ಚಿದೆ. ಮೊದಲು ಮಗನಿಗೆ. ಕೀಲಿ ಹಾಕಿದ ಮನೆಯ ಮುಂದೆ ನಿಂತಿದ್ದವನು ನನ್ನ ದನಿ ಕೇಳಿ, ನೀವೇ ಹೌದೇನ್ರಿ ಎಂದು ಮೂರು ಸಲ ಕೇಳಿದ. ಕಾರು ಜೋರು ಓಡಿಸಿದ್ದಕ್ಕೆ ಬೈಯಬೇಕೆಂದಿದ್ದೆ; ಬೈಯಲಿಲ್ಲ. ಆಮೇಲೆ ಗ್ರೂಪು ತೆರೆದು, “ನಾನು ಬದುಕಿದ್ದೇನೆ. ದಡ್ಡಿಯಲ್ಲಿ ಊಟ ಮುಗಿಸಿದ್ದೇನೆ” ಎಂದು ಬರೆದೆ. ಅದರ ಕೆಳಗೂ ಮೂವರು “ಓಂ ಶಾಂತಿ” ಒತ್ತಿದರು. ಒಬ್ಬ, “ಗುರುಗಳ ಫೋನಿನಿಂದ ಯಾರು ಬರೆಯುತ್ತಿದ್ದೀರಿ? ಇಂಥ ಹೊತ್ತಿನಲ್ಲಿ ಚೇಷ್ಟೆ ಬೇಡ” ಎಂದು ಗದರಿಸಿದ.

ಬಸು ಫೋನು ಮಾಡಿ ಅತ್ತುಬಿಟ್ಟ. “ಸರ್, ನಾ ನಮನ ಅಂತ ಹಾಕಿನ್ರಿ. ಸುಳ್ಳ ಐತಿ ಅಂತ ಆವಾಗಿನಿಂದ ಬರದೇನಿ, ಯಾರೂ ನನ್ನ ಮಾತ ಓದವಲ್ರು.”

“ಬರದ್ರ ಓದೂದಿಲ್ಲಪಾ,” ಎಂದೆ. “ಸುಳ್ಳ ಒಯ್ದಾವನ ಖರೆ ಒಯ್ಯಬೇಕು. ನೀ ಅಂಗಡಿ ಮುಚ್ಚಿ ಮಸಗುಪ್ಪಿಗೆ ಹೋಗು. ನಾಕಕ್ಕ ಅಲ್ಲಿ ಜನ ಕೂಡ್ತಾರ. ಒಬ್ಬೊಬ್ಬರ ಮುಂದ ನಿಂತ ಹೇಳು. ಸಕ್ಕರಿ ಒಯ್ಯೂದ ಮರೀಬ್ಯಾಡ.”

ಹೋದ. ಹಾರ ಹಿಡಿದು ಬಂದವರ ಬಾಯಿಗೆಲ್ಲ ಸಕ್ಕರೆ ಹಾಕಿದ. ಬಂದವರು ಹೆಚ್ಚಿರಲಿಲ್ಲವಂತೆ. ಓಂ ಶಾಂತಿ ಎಂದವರ ಸಂಖ್ಯೆಗೆ ಹೋಲಿಸಿದರೆ ಬಹಳೇ ಕಡಿಮೆ. ಆ ವಿವರವನ್ನು ನಾನು ಕೆದಕಿ ಕೇಳಬಾರದಿತ್ತು.

ಅಂಕಲಗಿಯವರು ಹೋದ ಮೇಲೆ ಹೊರಡಲು ಹೇಳಿಬರಲೆಂದು ಅಡುಗೆಮನೆಗೆ ಹೋದೆ. ನಾಲ್ಕರ ಬಸ್ಸು ಹಿಡಿಯಬೇಕಿತ್ತು. ಅಕ್ಕ ಒಲೆಯ ಹತ್ತಿರ, ಆ ಖಾಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳುತ್ತಿದ್ದಳು. ಸದ್ದು ಮಾಡದೆ, ಆದರೆ ಪೂರ್ತಿಯಾಗಿ.

“ಯಾಕವಾ? ಎಲ್ಲಾ ಸರಿಹೋತಲ್ಲ. ನಾ ನಿನ್ನ ಮುಂದನ ಇದ್ದೇನಲ್ಲ.”

“ಹೊರಗ ಅತ್ತಿದ್ರ ಅವರು ಎದ್ದ ಹೋಗತಿದ್ರು. ತಡಕೊಂಡಿದ್ದೆ. ಸುದ್ದಿ ಬಂದ ಮ್ಯಾಲ ಕಣ್ಣೀರು ಬೀಳಬೇಕು. ಇಲ್ಲಂದ್ರ ಕಾಗಿ ಕೆಲಸ ಅರ್ಧಾಕ್ಕೈತಿ.”

“ಸುಳ್ಳಂತ ಗೊತ್ತೈತಲ್ಲ ಈಗ.”

“ಅವತ್ತೂ ಗೊತ್ತಿತ್ತು.”

“ಅವತ್ತಂದ್ರ?” ಎಂದೆ.

“ಹಸನಸಾಬ ಕಾಕಾ ಬಂದ ಕೂಡಲೇ ತಂಬಿಗಿ ಕೊಟ್ಟೆ. ಬಿಸಲಾಗ ನಡದ ಬಂದಿದ್ದ, ಪಾಪ. ಗಟಗಟ ಕುಡದಬಿಟ್ಟ. ಕುಡದ ಮ್ಯಾಲ ನೆನಪಾತು ಅಂವಗ. ಕೈಯಾಗಿಂದ ತಂಬಿಗಿ ಬಿತ್ತು. ಇಲ್ಲಿ ತಗ್ಗ ಬಿದ್ದೈತಿ ನೋಡು. ಆಮ್ಯಾಲ ತಮ್ಮ ಹ್ವಾದ ಅಂದ. ನಾ ತಂಬಿಗಿ ನೋಡಿದೆ, ಅವನ ಮಾರಿ ನೋಡಿದೆ. ತಿಳೀತು.”

“ಮತ್ತ ಯಾಕ ಅತ್ತಿ?”

“ಅಳಲಿಲ್ಲಂದ್ರ ನಿನ್ನ ಗತಿ ಏನಾಗಬೇಕು? ಸುಳ್ಳಂತ ಗೊತ್ತಿದ್ರ ಅಳು ಬರೂದಿಲ್ಲೋ ಈರ್ಯಾ. ಖರೆ ಇದ್ದಿದ್ರ ಅಂತ ಒಮ್ಮೆ ಅನಕೊಂಡೆ. ಬಂತು. ನಿಂದ್ರಲೇ ಇಲ್ಲ.”

ಅವಳು ಮತ್ತೆ ಸೆರಗು ಮುಖಕ್ಕೆ ಒತ್ತಿಕೊಂಡಳು. ಹೊರಗೆ ಬಸ್ಸು ಬಂದು ನಿಂತ ಸದ್ದು, ಕಂಡಕ್ಟರ್ ಸೀಟಿ ಹೊಡೆದದ್ದು, ಅದು ಹೋದದ್ದು, ಮೂರೂ ಕೇಳಿಸಿದವು. ಸೀಟಿಗೆ ಕದಲದೆ ನಿಂತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಬಾಗಿಲ ಮುಂದಿನ ಚಪ್ಪಲಿಗಳನ್ನು ಸಾಲಿಲ್ಲದೆಯೇ ಬಿಟ್ಟು, ಅಕ್ಕನ ಬಾಜೂಕ್ಕೆ ನೆಲದ ಮೇಲೆ ಕೂತೆ. ಡಬ್ಬದಿಂದ ಚಿಟಿಕೆ ಸಕ್ಕರೆ ತೆಗೆದು ಹಿಡಿದುಕೊಂಡು, ಅವಳು ಅತ್ತು ಮುಗಿಸುವುದನ್ನೇ ಕಾಯುತ್ತ ಕೂತೆ.